ಡಬ್ಬಾ ಟಿವಿಗೆ ಹೊಸ ಪ್ಲಗ್

ಪ್ಲಗ್ ಕರಗಿದ್ದಕ್ಕೆ ಇಡೀ ಟಿವಿಯನ್ನೇ ಗುಜರಿಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪಿಕ್ಚರ್ ಟ್ಯೂಬಿನ ಹಳೆಯ ಟಿವಿಯನ್ನು ಡಬ್ಬಾ ಟಿವಿ ಎಂದು ಮಕ್ಕಳು ಹಂಗಿಸಲಿ, ಕಲಬುರಗಿಯ ಎಷ್ಟೋ ಮನೆಗಳಲ್ಲಿ ಹಿರಿಯರ ಕೋಣೆಯಲ್ಲಿ ಅದು ಇನ್ನೂ ನಡೆಯುತ್ತಿದೆ. ಟಿವಿಯ ಮೋಹ ನಮ್ಮ ಕಡೆಯವರಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸುವ ‘ಸೈಟ್’ ಪ್ರಯೋಗ ಆರು ರಾಜ್ಯಗಳಲ್ಲಿ ನಡೆದಾಗ ಆಗಿನ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗುವ ಮೊದಲೇ ನಮ್ಮ ರೈತರು ಸಂಜೆ ಹೊತ್ತು ಟಿವಿ ಮುಂದೆ ಕುಳಿತಿದ್ದರು. ಇರಲಿ, ಪ್ಲಗ್ಗಿನ ಮಾತಿಗೆ ಬರೋಣ.

ಬದಲಿಸುವ ಮೊದಲು ಅದು ಯಾಕೆ ಕೆಟ್ಟಿತು ಎಂದು ನೋಡಬೇಕು. 21 ಇಂಚಿನ ಡಬ್ಬಾ ಟಿವಿ ಎಳೆಯುವುದು 100 ವ್ಯಾಟ್‌ನ ಆಸುಪಾಸು. 230 ವೋಲ್ಟ್‌ನಲ್ಲಿ ಅದು ಅರ್ಧ ಆಂಪಿಯರ್ ಕೂಡ ಆಗುವುದಿಲ್ಲ. 6 ಆಂಪಿಯರ್ ತಡೆಯುವ ಪ್ಲಗ್ಗಿಗೆ ಅದು ಯಾವ ಲೆಕ್ಕ? ಆದರೂ ಪ್ಲಗ್ ಕಪ್ಪಗಾಯಿತು, ಕೊಳೆತ ಮೀನಿನಂಥ ನಾತ ಹೊಡೆಯಿತು ಎಂದರೆ ತಪ್ಪು ಟಿವಿಯದಲ್ಲ, ಎಲ್ಲೋ ಸಡಿಲಾಗಿದೆ ಎಂದೇ ಅರ್ಥ. ಹಳೆಯ ಟಿವಿಗಳಲ್ಲಿ ಹಲವಕ್ಕೆ ಕಂಪನಿಯಿಂದ ಬಂದದ್ದು ಎರಡು ಪಿನ್ನಿನ ಅಚ್ಚು ಪ್ಲಗ್, ಅಂದರೆ ವೈರಿನ ಜೊತೆಗೇ ಎರಕ ಹೊಯ್ದ, ಬಿಚ್ಚಲು ಬಾರದ ಪ್ಲಗ್. ಅದರ ಪಿನ್ನು 4 ಮಿಲಿಮೀಟರ್ ದಪ್ಪ. ನಮ್ಮ ಬೋರ್ಡಿನ ತೂತು ಇರುವುದು 5 ಮಿಲಿಮೀಟರ್‌ಗಿಂತ ತುಸು ಹೆಚ್ಚು ದಪ್ಪದ ಪಿನ್ನಿಗೆ. ಅಪ್ಪನ ಚಪ್ಪಲಿಯಲ್ಲಿ ಮಗ ಕಾಲಿಟ್ಟ ಹಾಗೆ ಅದು ಒಳಗೆ ಅಲ್ಲಾಡುತ್ತಲೇ ಇರುತ್ತದೆ. ಅಲ್ಲಾಡಿದಲ್ಲಿ ಕಿಡಿ, ಕಿಡಿಯಿಂದ ಮಸಿ, ಮಸಿಯಿಂದ ಇನ್ನಷ್ಟು ಬಿಸಿ. ಕೆಲವರು ಬೆಂಕಿಕಡ್ಡಿ ತುರುಕಿ ಬಿಗಿ ಮಾಡುತ್ತಾರೆ. ಕಿಡಿ ಹಾರುವ ಜಾಗದಲ್ಲಿ ಬೆಂಕಿಕಡ್ಡಿ ಇಡುವ ಬುದ್ಧಿಗೆ ಏನು ಹೇಳಲಿ!

ಆದ್ದರಿಂದ ನಾನು ಎರಡು ಪಿನ್ನಿನದಕ್ಕೆ ಮತ್ತೆ ಎರಡು ಪಿನ್ನಿನದನ್ನೇ ತರುವುದಿಲ್ಲ. 6 ಆಂಪಿಯರ್‌ನ ಮೂರು ಪಿನ್ನಿನ ಪ್ಲಗ್ ತರುತ್ತೇನೆ. ಅಂಗಡಿಯಲ್ಲಿ ‘ಪ್ಲಗ್ ಟಾಪ್’ ಎಂದು ಕೇಳಿದರೆ ಕೊಡುತ್ತಾರೆ. ಮೂರನೆಯ ಪಿನ್ನಿಗೆ ವೈರು ಇರದಿದ್ದರೂ ಪ್ಲಗ್ ಬೋರ್ಡಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆಗೆ ಹೋದಾಗ ಪುಟ್ಟದೊಂದು ಅಯಸ್ಕಾಂತ ಚೀಲದಲ್ಲಿರಲಿ. ಪಿನ್ನು ಹಿತ್ತಾಳೆಯದಾದರೆ ಅಂಟುವುದಿಲ್ಲ. ಅಂಟಿದರೆ ಅದು ಕಬ್ಬಿಣಕ್ಕೆ ಬಣ್ಣ ಕೊಟ್ಟ ಸರಕು, ವಾಪಸ್ ಇಡಿ. ಐಎಸ್‌ಐ ಗುರುತು ನೋಡಿ. ಒಳಗೆ ವೈರನ್ನು ಅದುಮಿ ಹಿಡಿಯುವ ಪಟ್ಟಿ ಇದೆಯೇ ಎಂದು ಬಿಚ್ಚಿಸಿ ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಕೆಲಸಕ್ಕೆ ಕೂರುವ ಮೊದಲು ಪ್ಲಗ್ಗನ್ನು ಬೋರ್ಡಿನಿಂದ ಪೂರ್ತಿ ಕಿತ್ತು, ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿಟ್ಟುಕೊಳ್ಳಬೇಕು. ಸ್ವಿಚ್ ಆರಿಸಿದರೆ ಸಾಕು ಎನ್ನಬೇಡಿ. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿಗೆ ಕೊಟ್ಟಿರುವುದುಂಟು, ಆಗ ಸ್ವಿಚ್ ಆರಿಸಿದರೂ ಕರೆಂಟ್ ತರುವ ಫೇಸ್ ವೈರು ಜೀವಂತವಾಗಿಯೇ ಇರುತ್ತದೆ. ಕರೆಂಟ್ ಹೋಗಿದೆ, ಈಗಲೇ ಮಾಡಿಬಿಡೋಣ ಎನ್ನುವುದಂತೂ ಬೇಡವೇ ಬೇಡ. ಹೋದ ಕರೆಂಟ್ ಹೇಳಿ ಬರುವುದಿಲ್ಲ. ಪ್ಲಗ್ ಕಿತ್ತ ಮೇಲೂ ಐದು ನಿಮಿಷ ಬಿಡಿ, ಪಿನ್ನು ಮುಟ್ಟಬೇಡಿ. ಹಳೆಯ ಟಿವಿಯೊಳಗಿನ ಕೆಪಾಸಿಟರ್‌ನಲ್ಲಿ ಉಳಿದ ಕರೆಂಟು ಬೆರಳಿಗೆ ಹೊಡೆಯಬಹುದು. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲವನ್ನು ಒರೆಸಿದ್ದರೆ ಒಣಗುವವರೆಗೆ ಕಾಯಿರಿ, ಕಾಲಿಗೆ ಚಪ್ಪಲಿ ಇರಲಿ.

ಕೆಲವೊಮ್ಮೆ ಸುಟ್ಟ ಪಿನ್ನು ಮುರಿದು ಬೋರ್ಡಿನಲ್ಲೇ ಉಳಿಯುತ್ತದೆ. ಆಗ ಮೇನ್ ಇಳಿಸಬೇಕು, ಅದರ ಜೊತೆಗೆ ಇನ್ವರ್ಟರನ್ನೂ ಆರಿಸಬೇಕು. ಜನ ಮರೆಯುವುದು ಇದನ್ನೇ. ಮೇನ್ ಬಂದ್ ಆದ ಕೂಡಲೇ ಇನ್ವರ್ಟರ್ ತನ್ನ ಕರ್ತವ್ಯ ಎಂದು ಅದೇ ಬೋರ್ಡಿಗೆ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಎರಡೂ ಆರಿವೆಯೇ ಎಂದು ಟೆಸ್ಟರ್ ಹಚ್ಚಿ ನೋಡಿಯೇ ಇಕ್ಕಳದಿಂದ ಪಿನ್ನು ಎಳೆಯಿರಿ. ಆ ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಉರಿಸಿ ನೋಡಿರಬೇಕು. ಕೆಟ್ಟ ಟೆಸ್ಟರ್ ಎಲ್ಲ ವೈರನ್ನೂ ಸತ್ತಿದೆ ಎಂದೇ ತೋರಿಸುತ್ತದೆ.

ಇನ್ನು ವೈರು. ಸುಟ್ಟ ಪ್ಲಗ್ಗಿನಿಂದ ಎರಡು ಇಂಚು ಹಿಂದಕ್ಕೆ ಕತ್ತರಿಸಿ, ಒಳಗಿನ ತಾಮ್ರ ನೋಡಿ. ಕಪ್ಪಗಿದ್ದರೆ ಇನ್ನೂ ಹಿಂದಕ್ಕೆ ಹೋಗಿ, ತಾಮ್ರ ಹೊಳೆಯುವವರೆಗೆ. ಹೊರಗಿನ ಸಿಪ್ಪೆಯನ್ನು ಮೂರು-ನಾಲ್ಕು ಸೆಂಟಿಮೀಟರ್, ಒಳಗಿನ ಬಣ್ಣದ ಸಿಪ್ಪೆಯನ್ನು ಒಂದು ಸೆಂಟಿಮೀಟರ್ ತೆಗೆದರೆ ಸಾಕು. ಬ್ಲೇಡನ್ನು ಹಗುರವಾಗಿ ಆಡಿಸಿ. ತಾಮ್ರದ ಎಳೆಗಳು ಅರ್ಧ ಕತ್ತರಿಸಿಹೋದರೆ ಉಳಿದ ಅರ್ಧವೇ ಎಲ್ಲ ಭಾರ ಹೊರಬೇಕಾಗುತ್ತದೆ. ಎಳೆಗಳನ್ನು ಬಿಗಿಯಾಗಿ ಹೊಸೆದು, ಸಣ್ಣದಾದರೆ ತುದಿಯನ್ನು ಮಡಚಿ ದಪ್ಪ ಮಾಡಿ. ಬೆಸುಗೆ ಹಚ್ಚಿ ಗಟ್ಟಿ ಮಾಡುವುದು ಜಾಣತನ ಎಂದು ಕೆಲವರ ನಂಬಿಕೆ. ಹಾಗಲ್ಲ. ಸ್ಕ್ರೂವಿನ ಒತ್ತಡಕ್ಕೆ ಬೆಸುಗೆಯ ಸೀಸ ನಿಧಾನವಾಗಿ ಹರಡಿಕೊಂಡು, ಇಂದು ಬಿಗಿಯಾಗಿದ್ದದ್ದು ಮುಂದೆ ಸಡಿಲಾಗುತ್ತದೆ.

ಪ್ಲಗ್ಗಿನೊಳಗೆ ಎಲ್, ಎನ್, ಇ ಎಂದು ಅಕ್ಷರಗಳಿರುತ್ತವೆ. ಕಂದು ಅಥವಾ ಕೆಂಪು ಎಲ್‌ಗೆ, ಅಂದರೆ ಫೇಸ್‌ಗೆ. ನೀಲಿ ಅಥವಾ ಕಪ್ಪು ಎನ್‌ಗೆ, ಅಂದರೆ ನ್ಯೂಟ್ರಲ್‌ಗೆ. ಹಸಿರು ಅಥವಾ ಹಸಿರು-ಹಳದಿ ಇದ್ದರೆ ಅದು ಇ, ಅಂದರೆ ಅರ್ಥ್. ಬೋರ್ಡಿಗೆ ಎದುರಾಗಿ ನಿಂತರೆ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಎಂದು ನೆನಪಿಟ್ಟುಕೊಂಡರೆ ಅಕ್ಷರ ಅಳಿಸಿದ್ದರೂ ಗೊತ್ತಾಗುತ್ತದೆ. ಬಹುತೇಕ ಹಳೆಯ ಟಿವಿಗಳಿಗೆ ಎರಡೇ ವೈರು. ಆಗ ಅರ್ಥ್ ಸ್ಕ್ರೂ ಖಾಲಿ ಇರಲಿ. ಖಾಲಿ ಇದೆಯಲ್ಲ ಎಂದು ಅದಕ್ಕೂ ನ್ಯೂಟ್ರಲ್‌ಗೂ ತುಂಡು ವೈರು ಜೋಡಿಸಬಾರದು. ಎರಡೂ ಎಳೆ ಒಂದೇ ಬಣ್ಣದ ಚಪ್ಪಟೆ ವೈರಾದರೆ ಎಲ್, ಎನ್‌ಗಳಲ್ಲಿ ಯಾವುದಕ್ಕೆ ಯಾವುದನ್ನು ಕೊಟ್ಟರೂ ಟಿವಿ ನಡೆಯುತ್ತದೆ. ಮೂರು ಎಳೆಯ ವೈರಾದರೆ ಅರ್ಥ್ ಎಳೆಯನ್ನು ತುಸು ಉದ್ದ ಬಿಡಿ. ಯಾರಾದರೂ ಎಡವಿ ವೈರು ಕಿತ್ತುಬಂದರೂ ಅದು ಕೊನೆಗೆ ಬಿಡಬೇಕು.

ಸ್ಕ್ರೂ ಬಿಗಿದ ಮೇಲೆ ಪ್ರತಿ ಎಳೆಯನ್ನೂ ಹಿಡಿದು ಜಗ್ಗಿ ನೋಡುವುದು ನನ್ನ ಪದ್ಧತಿ. ಹೊರಗೆ ಇಣುಕುವ ಒಂದೇ ಒಂದು ತಾಮ್ರದ ಎಳೆ ಕೂಡ ಇರಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ವೈರನ್ನು ಅದುಮಿ ಹಿಡಿಯುವ ಆ ಪಟ್ಟಿ. ವೈರಿನ ಹೊರಗಿನ ದಪ್ಪ ಸಿಪ್ಪೆ ಪಟ್ಟಿಯ ಕೆಳಗೇ ಸಿಕ್ಕಿರಬೇಕು. ಎಷ್ಟೋ ಜನ ಸಿಪ್ಪೆಯನ್ನು ಜಾಸ್ತಿ ಸುಲಿದು, ಬಣ್ಣದ ತೆಳು ವೈರುಗಳನ್ನೇ ಪಟ್ಟಿಯಲ್ಲಿ ಅದುಮಿ ಮುಚ್ಚಳ ಹಾಕಿಬಿಡುತ್ತಾರೆ. ಆಮೇಲೆ ಕಸ ಗುಡಿಸುವಾಗ ವೈರು ಜಗ್ಗಿದರೆ ಆ ಜಗ್ಗೆಲ್ಲ ಸ್ಕ್ರೂವಿನ ಮೇಲೆ ಬೀಳುತ್ತದೆ, ಸಡಿಲು ಮತ್ತೆ ಶುರುವಾಗುತ್ತದೆ. ವೈರು ಗಿಡ್ಡವಾಯಿತು ಎಂದು ನಡುವೆ ಟೇಪ್ ಸುತ್ತಿ ಇನ್ನೊಂದು ತುಂಡು ಸೇರಿಸಬೇಡಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಇಲಿ ಕಡಿದದ್ದು ಟಿವಿಯ ಬೆನ್ನಿನ ಹತ್ತಿರವಾದರೂ ಅಷ್ಟೇ, ಇಡೀ ವೈರನ್ನು ಮೆಕ್ಯಾನಿಕ್ ಕೈಯಲ್ಲಿ ಬದಲಿಸಿ. ಹಿಂದಿನ ಮುಚ್ಚಳವನ್ನು ನೀವು ಬಿಚ್ಚಬಾರದು. ಬಣ್ಣದ ಟಿವಿಯ ಪಿಕ್ಚರ್ ಟ್ಯೂಬಿನ ಮೇಲೆ 20,000 ವೋಲ್ಟ್‌ಗೂ ಮೀರಿದ ಕರೆಂಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಅಲ್ಲಿ ಕೂತಿರಬಹುದು.

ಮುಚ್ಚಳ ಹಾಕಿ ಹಚ್ಚಿದ ಮೇಲೆ ಅರ್ಧ ಗಂಟೆ ಟಿವಿ ನೋಡಿ. ಆರಿಸಿ, ಪ್ಲಗ್ ಕಿತ್ತು, ಅದರ ಮೈ ಮುಟ್ಟಿ. ಅರ್ಧ ಆಂಪಿಯರ್‌ಗೆ ಪ್ಲಗ್ ಬಿಸಿಯಾಗುವ ಕಾರಣವೇ ಇಲ್ಲ. ಬಿಸಿ ಇದ್ದರೆ ಬೋರ್ಡಿನ ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿತ ಅಗಲವಾಗಿದೆ, ವೈರ್‌ಮನ್ ಕರೆದು ಅದನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಪ್ಲಗ್ಗೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಕತ್ತರಿಸಿ ತೆಗೆದ ಅಚ್ಚು ಪ್ಲಗ್ಗಿನ ಪಿನ್ನುಗಳನ್ನು ಇಕ್ಕಳದಿಂದ ಸೊಟ್ಟ ಮಾಡಿಯೇ ಕಸಕ್ಕೆ ಹಾಕಿ. ಬಾಲದಲ್ಲಿ ತಾಮ್ರ ಇಣುಕುವ ಆ ತುಂಡನ್ನು ಮನೆಯ ಮಗು ಎತ್ತಿಕೊಂಡು ಬೋರ್ಡಿಗೆ ಚುಚ್ಚಲಿಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.