801ನೇ ಪರಮಾಣು ಹೋದದ್ದೆಲ್ಲಿ?

ಅಲ್ಯೂಮಿನಿಯಂ ಸ್ಫಟಿಕದ ಮೇಲ್ಮೈಯಲ್ಲಿ ಒಂಟಿ ಪರಮಾಣು ಹೇಗೆ ವಿಸರಣಗೊಳ್ಳುತ್ತದೆ, ಅಂದರೆ ಅಲ್ಲಿಂದಿಲ್ಲಿಗೆ ಸರಿಯುತ್ತಾ ಹರಡುತ್ತದೆ, ಎಂಬುದನ್ನು ನಾನು ಮೊದಲು ಲೆಕ್ಕ ಹಾಕಿದ್ದು ಕೈನೆಟಿಕ್ ಮಾಂಟೆ ಕಾರ್ಲೊ ವಿಧಾನದಲ್ಲಿ. ಈ ವಿಧಾನದಲ್ಲಿ ಯಾವ ಯಾವ ಚಲನೆ ಸಾಧ್ಯ, ಪ್ರತಿಯೊಂದೂ ಸೆಕೆಂಡಿಗೆ ಎಷ್ಟು ಸಲ ನಡೆದೀತು ಎಂಬ ಕೋಷ್ಟಕವನ್ನು ನಾವೇ ಬರೆದುಕೊಡಬೇಕು. (001) ಎಂದು ಕರೆಯುವ, ಸ್ಫಟಿಕದ ಘನಾಕೃತಿಯ ಒಂದು ಮುಖಕ್ಕೆ ಸಮಾಂತರವಾದ ಮೇಲ್ಮೈಯಲ್ಲಿ ಪರಮಾಣು ಕೂರುವ ಕುಳಿಗಳು ಚದುರಂಗದ ಮನೆಗಳಂತೆ ಸಾಲಾಗಿರುವುದರಿಂದ, ಪಕ್ಕದ ನಾಲ್ಕು ಮನೆಗಳಿಗೆ ನಾಲ್ಕು ಜಿಗಿತಗಳೆಂದು ಬರೆದುಕೊಂಡೆ. ಫಲಿತಾಂಶ ಎಲ್ಲಿಯೂ ತಪ್ಪಿದಂತೆ ಕಾಣಲಿಲ್ಲ. ಅದನ್ನು ನೋಡಿದ ನಮ್ಮ ಮೇಡಂ, "ನೀವು ಬರೆದಿರೋ ಜಿಗಿತವನ್ನಷ್ಟೇ ಅದು ಮಾಡುತ್ತೆ. ಬರೆಯದೇ ಬಿಟ್ಟಿದ್ದು ಗೊತ್ತಾಗೋದು ಹೇಗೆ?" ಎಂದು ಕೇಳಿದರು.

ಯಶವಂತಪುರದ ನನ್ನ ಬಾಡಿಗೆ ಕೋಣೆಗೆ ಮರಳಿ ಆ ರಾತ್ರಿಯೇ ಮಾಲಿಕ್ಯುಲರ್ ಡೈನಮಿಕ್ಸ್‌ಗೆ ಕೈಹಾಕಿದೆ. ಇದರಲ್ಲಿ ಜಿಗಿತಗಳ ಕೋಷ್ಟಕ ಬೇಕಿಲ್ಲ; ಪರಮಾಣುಗಳ ನಡುವಿನ ಬಲಗಳಿಂದ ಪ್ರತಿಯೊಂದರ ಚಲನೆಯನ್ನೂ ಕಂಪ್ಯೂಟರ್ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತದೆ. ಪದರಕ್ಕೆ ನೂರು ಪರಮಾಣುಗಳಂತೆ ಎಂಟು ಪದರ ಜೋಡಿಸಿ, ಕೆಳಗಿನ ಎರಡನ್ನು ಅಲುಗದಂತೆ ಹಿಡಿದಿಟ್ಟು, ಮೇಲೆ 801ನೇ ಪರಮಾಣುವನ್ನು ಕೂರಿಸಿದೆ. ತಾಪ 500 ಕೆಲ್ವಿನ್. ಒಂದು ಹೆಜ್ಜೆಗೆ ಒಂದು ಫೆಮ್ಟೋಸೆಕೆಂಡಿನಂತೆ (ನ್ಯಾನೊಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ) 20 ಲಕ್ಷ ಹೆಜ್ಜೆ ನಡೆಸಿದರೂ ಅಲ್ಲಿ ಕಳೆಯುವುದು ಎರಡೇ ನ್ಯಾನೊಸೆಕೆಂಡ್.

ಬೆಳಿಗ್ಗೆ ಎದ್ದು ನೋಡಿದರೆ 801 ಹೊರಟಲ್ಲಿಂದ ಎಷ್ಟು ದೂರ ಸರಿದಿದೆ ಎಂದು ತೋರಿಸುವ ಗೆರೆ ಸ್ವಲ್ಪ ಏರಿ, ಆಮೇಲೆ ಪೂರಾ ಚಪ್ಪಟೆಯಾಗಿತ್ತು. ಲೆಕ್ಕದ ಪೆಟ್ಟಿಗೆಯ ಒಂದು ಅಂಚು ದಾಟಿದ ಪರಮಾಣು ಎದುರಿನ ಅಂಚಿನಿಂದ ಒಳಬರುತ್ತದೆ; ದೂರ ಅಳೆಯುವಾಗ ಅದನ್ನು ಸರಿಪಡಿಸದೆ ಬಿಟ್ಟೆನೇನೋ ಎಂದು ಎರಡು ದಿನ ಅಲ್ಲಿಯೇ ದೋಷ ಹುಡುಕಿದೆ. ಅಲ್ಲಿ ಏನೂ ತಪ್ಪಿರಲಿಲ್ಲ. ಕೊನೆಗೆ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ ಹೋದಾಗ ಕಂಡಿತು: 801 ಮೇಲ್ಪದರದೊಳಗೆ ಇಳಿದು ನೆರೆಯ ಪರಮಾಣುವಿನ ಜಾಗ ಹಿಡಿದಿತ್ತು, ಆ ನೆರೆಯದು ಮೇಲೆದ್ದು ಬೇರೊಂದು ಕುಳಿಯಲ್ಲಿ ಕುಳಿತಿತ್ತು. ಹಳೆಯ ಕುಳಿಗೂ ಹೊಸ ಕುಳಿಗೂ ನಡುವಿನ ಅಂತರ ಪಕ್ಕದ ಮನೆಯ 2.86 ಆಂಗ್‌ಸ್ಟ್ರಾಂ ಆಗಿರದೆ, ಮೂಲೆಯ ಮನೆಯ 4.05 ಆಗಿತ್ತು. ನಾನು ಒಂದು ಸಂಖ್ಯೆಯ ಬೆನ್ನು ಹತ್ತಿದ್ದೆ. ವಿಸರಣವಾಗುತ್ತಿದ್ದದ್ದು ಆ ಸಂಖ್ಯೆಯ ಪರಮಾಣು ಅಲ್ಲ, ಮೇಲ್ಮೈಯ ಮೇಲಿನ ಉಬ್ಬು.

ಈ ಅದಲುಬದಲನ್ನು ಭೌತವಿಜ್ಞಾನಿ ಪೀಟರ್ ಫೈಬೆಲ್ಮನ್ 1990ರಲ್ಲಿಯೇ ಲೆಕ್ಕದಿಂದ ತೋರಿಸಿದ್ದರು. ಅವರ ಪ್ರಕಾರ ಜಿಗಿತದ ಶಕ್ತಿತಡೆ (ದಾಟಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 0.65 ಎಲೆಕ್ಟ್ರಾನ್ ವೋಲ್ಟ್, ಅದಲುಬದಲಿನದು 0.20. ಜಿಗಿಯುವ ಪರಮಾಣು ನಡುದಾರಿಯಲ್ಲಿ ಎರಡೇ ನೆರೆಯವುಗಳ ಆಸರೆಯಲ್ಲಿ ನಿಲ್ಲಬೇಕು. ಅದಲುಬದಲಿನಲ್ಲಿ ಬಂಧಗಳು ಅಷ್ಟು ಕಡಿಯುವುದಿಲ್ಲ. ತಡೆ ದಾಟಲು ಪರಮಾಣು ಸೆಕೆಂಡಿಗೆ ಎಷ್ಟು ಸಲ ಯತ್ನಿಸುತ್ತದೆ ಎಂಬ ಕಂಪನಾವೃತ್ತಿ ಎರಡರಲ್ಲೂ ಒಂದೇ ಎಂದಿಟ್ಟುಕೊಂಡು 300 ಕೆಲ್ವಿನ್‌ನಲ್ಲಿ ಹೋಲಿಸಿದರೆ, ವೇಗದ ಅಂತರ ಮೂರೂವರೆ ಕೋಟಿ ಪಟ್ಟು. ನನ್ನ ಕೋಷ್ಟಕದಲ್ಲಿ ಇಲ್ಲದೇ ಇದ್ದದ್ದು ಇಷ್ಟು ದೊಡ್ಡ ಸಂಗತಿ.

ಅಂದಿನಿಂದ ಪರಮಾಣುವಿನ ಸಂಖ್ಯೆಯನ್ನು ಹಿಂಬಾಲಿಸುವುದನ್ನು ಬಿಟ್ಟಿದ್ದೇನೆ. ಆಗಾಗ ವ್ಯವಸ್ಥೆಯನ್ನು ತಣಿಸಿ, ಮೇಲ್ಪದರಕ್ಕಿಂತ ಎತ್ತರದಲ್ಲಿರುವ ಪರಮಾಣು ಯಾವುದೆಂದು ಪ್ರತಿ ಸಲವೂ ಹೊಸದಾಗಿ ಹುಡುಕಿಸುತ್ತೇನೆ. ಮಾಂಟೆ ಕಾರ್ಲೊ ಕೋಷ್ಟಕಕ್ಕೆ ಮೂಲೆಯ ನಾಲ್ಕು ಚಲನೆಗಳನ್ನು ಸೇರಿಸಿ, ಹೊಕ್ಕ ಕುಳಿಗೆಲ್ಲ ಒಂದೊಂದು ಚುಕ್ಕೆ ಇಡಿಸಿದಾಗ, ಚುಕ್ಕೆಗಳೆಲ್ಲ ಹಲಗೆಯ ಬಿಳಿ ಮನೆಗಳಲ್ಲಿಯೇ ಬಿದ್ದವು, ಕಪ್ಪು ಮನೆಗಳಲ್ಲಿ ಒಂದೂ ಇರಲಿಲ್ಲ. ಪ್ಲಾಟಿನಂನ ಇದೇ ಬಗೆಯ ಮೇಲ್ಮೈಯಲ್ಲಿ, 1990ರಲ್ಲಿ, ಒಂಟಿ ಪರಮಾಣುಗಳನ್ನೂ ಕಾಣಿಸಬಲ್ಲ ಫೀಲ್ಡ್ ಅಯಾನ್ ಸೂಕ್ಷ್ಮದರ್ಶಕದಡಿ ನಿಜವಾದ ಪರಮಾಣು ಬಿಡಿಸಿ ತೋರಿದ ಚಿತ್ತಾರವೂ ಇದೇ.