ಮಳೆಯ ಲೆಕ್ಕದಲ್ಲಿ ಬೆಟ್ಟದ ಅಡುಗೆ

ಬೆಟ್ಟದಿಂದ ತರುವ ಸೊಪ್ಪು, ಕಾಯಿ, ಚಿಗುರುಗಳ ವಿಷಯದಲ್ಲಿ ನನ್ನ ಅತ್ತೆಯವರು ತಿಂಗಳಿನ ಹೆಸರು ಹೇಳಿದ್ದನ್ನು ನಾನು ಕೇಳಿದ್ದಿಲ್ಲ. ಅವರ ಲೆಕ್ಕವೆಲ್ಲ ಮಳೆ ನಕ್ಷತ್ರದ ಮೇಲೆಯೇ ನಡೆಯುತ್ತಿತ್ತು. ಮೃಗಶಿರಾ ಮಳೆಗೆ ಚಗಟೆ ಸೊಪ್ಪು, ಆರಿದ್ರೆ ಹಿಡಿದ ಮೇಲೆ ಕಳಲೆ ಎಂಬ ಎಳೆ ಬಿದಿರು, ಪುನರ್ವಸು-ಪುಷ್ಯಕ್ಕೆ ಮರಕೆಸು ಮತ್ತು ಹುಳಿಗೆ ಬಳಸುವ ಉಪ್ಪಾಗೆ ಹಣ್ಣು ಎಂದು ಅವರು ಹಾಕಿಕೊಟ್ಟ ಕ್ರಮವನ್ನೇ ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಐವತ್ತು ವರ್ಷಗಳಿಂದ ನಾನೂ ನಡೆಸಿಕೊಂಡು ಬಂದಿದ್ದೇನೆ. ಈಗ ಊರಿಗೆ ಮರಳಿ ಬಂದು ಮನೆ ಹೂಡುತ್ತಿರುವ ಮಕ್ಕಳು, ಸೊಸೆಯಂದಿರು ಬೆಟ್ಟದ ಅಡುಗೆಯ ಬಗ್ಗೆ ಆಸೆಯಿಂದ ಕೇಳುತ್ತಾರೆ. ಫೋನಿನಲ್ಲಿ ಎಲೆಯ ಚಿತ್ರ ಕಳಿಸಿ, ಇದನ್ನು ತಿನ್ನಬಹುದೇ ಎಂದು ವಿಚಾರಿಸುತ್ತಾರೆ. ಅವರಿಗೆ ನಾನು ಮೊದಲು ಹೇಳುವುದೆಂದರೆ, ಕಾಡಿನ ಗಿಡದ ಹೆಸರು ತಿಳಿದರೆ ಅರ್ಧ ಮಾತ್ರ ತಿಳಿದಂತೆ. ಅದನ್ನು ಕೊಯ್ಯುವ ಕಾಲವೂ ಹದ ಮಾಡುವ ಕ್ರಮವೂ ತಿಳಿದ ಮೇಲೆಯೇ ಅದನ್ನು ಅಡುಗೆಮನೆಯೊಳಗೆ ತರಬೇಕು. ಒಂದು ಮಳೆಯಲ್ಲಿ ಬಾಯಿಗೆ ರುಚಿಯಾದ ಸೊಪ್ಪು ಇನ್ನೆರಡು ಮಳೆ ಕಳೆಯುವಷ್ಟರಲ್ಲಿ ದನವೂ ಮೂಸದಂತಾಗಿರುತ್ತದೆ.

ಈ ಮಾತಿಗೆ ಚಗಟೆಯೇ ಸಾಕ್ಷಿ. ಜೂನ್ 7-8ರ ಹೊತ್ತಿಗೆ ಮೃಗಶಿರಾ ಮಳೆ ಕೂಡಿ ಹತ್ತು-ಹನ್ನೆರಡು ದಿನ ಕಳೆದರೆ ಹುಲ್ಲು ಬೆಳೆಯುವ ಬೇಣದಲ್ಲಿ, ಅಂಗಳದ ಅಂಚಿನಲ್ಲಿ, ದಾರಿಯ ಬದಿಯಲ್ಲಿ ಅದು ದಟ್ಟವಾಗಿ ಎದ್ದು ನಿಲ್ಲುತ್ತದೆ. ಗಿಡ ಗೇಣುದ್ದ ಇರುವಾಗ ಮೇಲಿನ ಎಳೆಯ ಕುಡಿಯನ್ನಷ್ಟೇ ಚಿವುಟಬೇಕು. ಸಂಜೆಯಾದರೆ ಇದರ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುವುದರಿಂದ ಹುಳ ಇದೆಯೇ ಇಲ್ಲವೇ ಎಂದು ನೋಡುವುದು ಕಷ್ಟ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯುವುದು ಒಳ್ಳೆಯದು. ಹೂ ಬಂದ ಮೇಲೆ ಸೊಪ್ಪಿಗೆ ಒಗರೂ ಕಮಟು ವಾಸನೆಯೂ ಸೇರುತ್ತವೆ, ಆಗ ಅದರ ಗೊಡವೆಗೆ ಹೋಗಬಾರದು. ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಕಾಯಿತುರಿ ಹಾಕಿ ಪಲ್ಯ ಮಾಡಿದರೆ ಗಂಜಿಯ ಊಟಕ್ಕೆ ಬೇರೆ ವ್ಯಂಜನ ಬೇಕಾಗುವುದಿಲ್ಲ.

ಒಂದೆಲಗದ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಈ ತಪ್ಪು ತಿಳಿದವರ ಮನೆಯಲ್ಲಿಯೂ ನಡೆಯುತ್ತದೆ. ಮಳೆಗಾಲದಲ್ಲಿ ಅಡಿಕೆ ತೋಟದ ಕಪ್ಪಿನ, ಅಂದರೆ ನೀರು ಹರಿಯುವ ಕಾಲುವೆಯ, ಅಂಚಿನಲ್ಲಿ ಒಂದೆಲಗ ಸೊಂಪಾಗಿ ಹರಡಿರುತ್ತದೆ, ತಂಬುಳಿಗೆಂದು ಕೈ ತಾನಾಗಿ ಬಾಗುತ್ತದೆ. ಆದರೆ ಅದೇ ದಿನಗಳಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮರ ಹತ್ತುವ ಕೊನೆಗೌಡರು ಮೇಲಿನಿಂದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಆ ದ್ರಾವಣ ಅಡಿಕೆ ಗೊನೆಗೆ ತಗಲುವಷ್ಟೇ ಕೆಳಗಿನ ಸೊಪ್ಪಿಗೂ ಬೀಳುತ್ತದೆ, ಎಲೆಯ ಮೇಲೆ ನೀಲಿಯ ಚುಕ್ಕೆಯಾಗಿ ಒಣಗುತ್ತದೆ. ಆದ್ದರಿಂದ ಔಷಧ ಹೊಡೆದ ತೋಟದಿಂದ ಆ ಮಳೆಗಾಲ ಮುಗಿಯುವವರೆಗೆ ಯಾವ ಸೊಪ್ಪನ್ನೂ ಅಡುಗೆಗೆ ತರಬೇಡಿ. ಒಂದೆಲಗದ ಒಂದೆರಡು ಬಳ್ಳಿಯನ್ನು ಬೇರುಸಹಿತ ತಂದು ಬಚ್ಚಲ ನೀರು ಹೋಗದ, ತೇವವಿರುವ ಮೂಲೆಯಲ್ಲಿ ನೆಟ್ಟುಕೊಂಡರೆ ವರ್ಷವಿಡೀ ಸಾಕಾಗುತ್ತದೆ. ಕಳೆನಾಶಕ ಹೊಡೆದ ಬೇಲಿಯಂಚು, ರಸ್ತೆಯಂಚುಗಳಿಗೂ ಇದೇ ಮಾತು ಸಲ್ಲುತ್ತದೆ.

ಕೆಸುವಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಮದುವೆಯಾಗಿ ಬಂದ ವರ್ಷ ಶ್ರಾವಣದಲ್ಲಿ, ಅತ್ತೆಯವರು ಪಕ್ಕದೂರಿನ ಶ್ರಾದ್ಧಕ್ಕೆ ಹೋಗಿದ್ದ ದಿನ, ನಾನು ಹೊಳೆಯಂಚಿನ ಕೆಸುವನ್ನು ತಂದು ಕರಕಲಿ ಎಂಬ ಗಟ್ಟಿ ಗೊಜ್ಜು ಮಾಡಿದ್ದೆ. ತವರಿನಲ್ಲಿ ಆಯಿ ಮಾಡುವುದನ್ನು ನೋಡಿದ್ದೆನೇ ಹೊರತು ಹುಳಿ ಎಷ್ಟು ಬೇಕೆಂದು ಕೇಳಿಕೊಂಡಿರಲಿಲ್ಲ. ಊಟಕ್ಕೆ ಕುಳಿತವರೆಲ್ಲರ ಗಂಟಲು ತುರಿಸಿ, ಮಾವನವರು ಅರ್ಧ ಊಟಕ್ಕೆ ಎದ್ದರು, ಮಕ್ಕಳು ಅತ್ತರು. ಸಂಜೆ ಬಂದ ಅತ್ತೆಯವರು ಎಲ್ಲರಿಗೂ ದಪ್ಪ ಮಜ್ಜಿಗೆ ಕುಡಿಸಿ, ನನ್ನನ್ನು ಗದರಿಸದೆ, ಮರುದಿನ ಅದೇ ಕೆಸುವನ್ನು ನನ್ನ ಕೈಯಿಂದಲೇ ಮಾಡಿಸಿದರು. ಅಂದು ಕಲಿತದ್ದನ್ನೇ ಇಂದು ನಿಮಗೆ ಹೇಳುತ್ತಿದ್ದೇನೆ.

ಕೆಸುವಿನ ಎಲೆ, ದಂಟು, ಗೆಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣ ಸೂಜಿಯಂಥ ಹರಳುಗಳಾಗಿ ಕೂತಿರುತ್ತದೆ, ತುರಿಕೆ ಹುಟ್ಟುವುದು ಆ ಹರಳುಗಳು ಬಾಯಿಗೆ ಚುಚ್ಚುವುದರಿಂದ. ಕೊಯ್ಯುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬೇಕು. ಇನ್ನೂ ಪೂರ್ತಿ ಬಿಚ್ಚಿಕೊಳ್ಳದ ಎಳೆಯ ಎಲೆಯನ್ನು ಆರಿಸಿ, ದಂಟಿನ ಸಿಪ್ಪೆಯನ್ನೂ ಎಲೆಯ ಹಿಂದಿನ ದಪ್ಪ ನಾರನ್ನೂ ತೆಗೆದು, ಹೆಚ್ಚಿದ ಕೂಡಲೇ ಹುಳಿಯ ಜೊತೆಗೇ ಬೇಯಲು ಹಾಕಬೇಕು. ಹುಣಸೆಯೂ ಆಗುತ್ತದೆ, ಲಿಂಬೆಯೂ ಆಗುತ್ತದೆ, ಆದರೆ ಕರಕಲಿಗೆ ಒಣಗಿಸಿ ಪುಡಿ ಮಾಡಿಟ್ಟ ವಾಟೆಹುಳಿಯಷ್ಟು ಒಪ್ಪುವುದು ಬೇರೆ ಯಾವುದೂ ಇಲ್ಲ. ಹಸಿಮೆಣಸು ಸೇರಿಸಿ, ಸೊಪ್ಪು ಕರಗಿ ಮುದ್ದೆಯಾಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿ, ಕಡೆದು, ನೀರು ಇಂಗಿದ ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಹಾಕಿ. ಬಡಿಸುವ ಮುಂಚೆ ಒಂದು ಚೂರನ್ನು ನಾಲಗೆಯ ಮೇಲಿಟ್ಟು ಸ್ವಲ್ಪ ಹೊತ್ತು ಕಾಯಬೇಕು. ತುರಿಕೆಯ ಸುಳಿವಿದ್ದರೆ ಇನ್ನಷ್ಟು ಹುಳಿ ಹಾಕಿ ಮತ್ತೆ ಬೇಯಿಸಬೇಕು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇದ್ದವರಿಗೆ ಕೆಸುವನ್ನು ಬಡಿಸದಿರುವುದೇ ಸರಿ.

ಮರಕೆಸು ಇನ್ನೂ ಮೃದು. ಹಳೆಯ ಮಾವು, ಹಲಸಿನ ಮರದ ಕವಲಿನಲ್ಲಿ, ಪಾಚಿ ಕಟ್ಟಿದ ಕಡೆ ಅದು ಮಳೆಗಾಲದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಒಂದು ಗೆಡ್ಡೆಗೆ ಒಂದೇ ಎಲೆ. ಎಲೆಯನ್ನು ಕತ್ತಿಯಿಂದ ಕೊಯ್ಯಬೇಕೇ ಹೊರತು ಎಳೆಯಬಾರದು, ಎಳೆದರೆ ಗೆಡ್ಡೆಯೇ ಕಿತ್ತು ಬರುತ್ತದೆ, ಮುಂದಿನ ವರ್ಷ ಆ ಕವಲು ಬರಿದಾಗಿರುತ್ತದೆ. ಪತ್ರೊಡೆಗೆ ನೆನೆಸಿದ ಅಕ್ಕಿ, ಒಣಮೆಣಸು, ಕೊತ್ತಂಬರಿ, ಹುಣಸೆ, ಬೆಲ್ಲಗಳನ್ನು ತರಿಯಾಗಿ ರುಬ್ಬಿ, ಎಲೆಯ ಹಿಂಬದಿಗೆ ಸವರಿ, ಒಂದರ ಮೇಲೊಂದಿಟ್ಟು ಸುತ್ತಿ, ಮುಕ್ಕಾಲು ಗಂಟೆಗೆ ಕಡಿಮೆಯಾಗದಂತೆ ಹಬೆಯಲ್ಲಿ ಬೇಯಿಸಬೇಕು. ಅವಸರದ ಪತ್ರೊಡೆ ಒಳಗೆ ಬೇಯದೆ ಗಂಟಲಿಗೆ ತೊಂದರೆ ಕೊಡುತ್ತದೆ.

ಕಳಲೆಗೆ ಕೆಸುವಿಗಿಂತ ಹೆಚ್ಚು ತಾಳ್ಮೆ ಬೇಕು, ಏಕೆಂದರೆ ಇಲ್ಲಿ ಇರುವುದು ತುರಿಕೆಯಲ್ಲ, ವಿಷ. ಹಸಿ ಕಳಲೆಯಲ್ಲಿರುವ ಅಂಶ ಕತ್ತರಿಸಿದಾಗ ಸಯನೈಡ್ ಬಿಡುತ್ತದೆ. ಕಹಿ ಇರುವುದು ಅದರಿಂದಲೇ. ಬಿದಿರಿನ ಹಿಂಡಿನ ಬುಡದಲ್ಲಿ ಮೊಳಕೈಯುದ್ದ ಎದ್ದ, ಇನ್ನೂ ಸಿಪ್ಪೆ ಬಿಚ್ಚದ ಮೊಳಕೆಯನ್ನು ಆರಿಸಿಕೊಳ್ಳಬೇಕು. ಹಿಂಡಿನ ಹೊರಗಿನ ಒಂದೆರಡನ್ನು ತೆಗೆದು ಉಳಿದವನ್ನು ಬೆಳೆಯಲು ಬಿಡಬೇಕು. ಎಲ್ಲವನ್ನೂ ಕಡಿದರೆ ನಾಲ್ಕಾರು ವರ್ಷದಲ್ಲಿ ಆ ಹಿಂಡೇ ಸೊರಗುತ್ತದೆ. ಸಿಪ್ಪೆ ಸುಲಿದು ತೆಳ್ಳಗೆ ಬಿಲ್ಲೆಗಳಾಗಿ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಮೂರು ದಿನ ನೆನೆಸಬೇಕು. ದಿನವೂ ನೀರು ಬದಲಾಯಿಸುವುದನ್ನು ಮರೆಯಬಾರದು. ಬಸಿದ ನೀರನ್ನು ಅಕ್ಕಚ್ಚಿನ ಬಾನಿಗೆ ಸುರಿಯದೆ ದನಕರುಗಳ ಬಾಯಿಗೆ ಸಿಗದ ಕಡೆ ಚೆಲ್ಲಬೇಕು. ಮೂರು ದಿನ ಕಳೆದ ಮೇಲೆ ಹಿಂಡಿ, ತೆರೆದ ಪಾತ್ರೆಯಲ್ಲಿ ಒಂದು ಕುದಿ ಕುದಿಸಿ, ಆ ನೀರನ್ನೂ ಚೆಲ್ಲಿದ ಮೇಲೆ ಹುಳಿಗಾಗಲಿ ಪಲ್ಯಕ್ಕಾಗಲಿ ಬಳಸಬಹುದು. ಹೆಸರುಕಾಳಿನ ಜೊತೆ ಮಾಡಿದ ಕಳಲೆಯ ಹುಳಿ ಮರುದಿನಕ್ಕೆ ಇನ್ನೂ ರುಚಿ. ನೆನೆಸಿದ ಬಿಲ್ಲೆಗಳನ್ನು ಉಪ್ಪಿನಲ್ಲಿ ಒತ್ತಿ ಭರಣಿ ತುಂಬಿಟ್ಟರೆ ದೀಪಾವಳಿಯವರೆಗೂ ಕೆಡುವುದಿಲ್ಲ. ಸರ್ಕಾರಿ ಕಾಡಿನ ಬಿದಿರಿಗೆ ಕೈ ಹಾಕುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿಂದಂತೂ ಏನನ್ನೂ ತರುವಂತಿಲ್ಲ.

ಉಪ್ಪಾಗೆಯನ್ನು ಕೊಯ್ಯುವುದಲ್ಲ, ಹೆಕ್ಕುವುದು. ಹಣ್ಣು ಹಳದಿಯಾಗಿ ತಾನಾಗಿ ಬೀಳುವುದು ಜೋರು ಮಳೆಯ ದಿನಗಳಲ್ಲಿ. ಬಿಸಿಲು ಕಾಣದ ಆ ಕಾಲದಲ್ಲಿ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಬೇಕು. ಕಪ್ಪಾಗಿ ಚರ್ಮದ ಹಾಗೆ ಬಾಗುವಂತಾದರೆ ಹದ ಬಂದಿತು ಎಂದರ್ಥ. ಬೀಜವನ್ನು ತೊಳೆದು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡೇ ಉಪ್ಪಾಗೆ ತುಪ್ಪ. ದೋಸೆಗೆ ಅದರ ಪರಿಮಳವೇ ಬೇರೆ. 1990ರ ದಶಕದಲ್ಲಿ ಮೈ ಕರಗಿಸುವ ಔಷಧಕ್ಕೆಂದು ಸಿಪ್ಪೆಗೆ ಹೊರದೇಶದಿಂದ ಬೇಡಿಕೆ ಬಂದು ಬೆಲೆ ಏರಿದಾಗ ಹಣ್ಣಾಗುವ ಮೊದಲೇ ಕಾಯಿ ಬಡಿದವರಿದ್ದರು, ಹತ್ತಲಾಗದೆ ಕೊಂಬೆಯನ್ನೇ ಕಡಿದವರೂ ಇದ್ದರು, ಒಣಗಿಸಲು ಬೆಟ್ಟದ ಹಸಿ ಮರ ಉರಿಸಿದವರೂ ಇದ್ದರು. ನಮ್ಮ ಬೆಟ್ಟದ ಎರಡು ದೊಡ್ಡ ಮರಗಳು ಹೋದದ್ದು ಆಗಲೇ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬಿದ್ದ ಹಣ್ಣಿನಲ್ಲಿಯೂ ಮಂಗ, ಕಬ್ಬೆಕ್ಕುಗಳಿಗೆ ಪಾಲಿದೆ, ಹೊಸ ಸಸಿಗೂ ಒಂದಿಷ್ಟು ಬೀಜ ಉಳಿಯಬೇಕು. ಕಾಲುಭಾಗವನ್ನಾದರೂ ಮರದ ಬುಡದಲ್ಲಿ ಬಿಟ್ಟು ಬನ್ನಿ.

ಬೇಸಿಗೆಯ ಕವಳಿ, ನೇರಳೆ, ಹಣ್ಣುಸಂಪಿಗೆಗಳ ಬಗ್ಗೆ ಮಕ್ಕಳಿಗೇ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅಪ್ಪೆಮಿಡಿಗೆ ಮಾತ್ರ ಎರಡು ಮಾತು: ತೊಟ್ಟು ಉಳಿಯುವಂತೆ ಕೊಯ್ದು, ನೆಲಕ್ಕೆ ಬೀಳಿಸದೆ ಬುಟ್ಟಿಯಲ್ಲಿ ಇಳಿಸಬೇಕು, ಏಕೆಂದರೆ ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ಅದರ ಪರಿಮಳವೆಲ್ಲ ಸೊನೆಯಲ್ಲಿರುವುದರಿಂದ ಸೊನೆಯನ್ನು ತೊಳೆದು ಕಳೆಯಬಾರದು. ಆದರೆ ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗುವವರು ಮಂಗನ ಕಾಯಿಲೆಯನ್ನು ಮರೆಯುವಂತಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಸಿದ್ದಾಪುರ, ಹೊನ್ನಾವರ ತಾಲೂಕುಗಳಲ್ಲಿಯೂ ಜೀವ ತೆಗೆದಿದೆ; ಉಣುಗು (ಉಣ್ಣೆ) ಕಚ್ಚುವುದರಿಂದ ಬರುವ ಇದರ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಮೈ ತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಸವರಿಕೊಂಡು ಹೋಗಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮಂಗ ಸತ್ತು ಬಿದ್ದ ಕಡೆಗೆ ಹೋಗದೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ. ಮಳೆಗಾಲದ ಉಂಬಳ (ಜಿಗಣೆ) ಇದರ ಮುಂದೆ ಏನೂ ಅಲ್ಲ, ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ.

ಗೆಡ್ಡೆ ಮತ್ತು ಅಣಬೆಗಳನ್ನು ಪುಸ್ತಕ ನೋಡಿಯಾಗಲಿ ಚಿತ್ರ ನೋಡಿಯಾಗಲಿ ತರಬಾರದೆಂಬುದು ನನ್ನ ಖಂಡಿತ ಅಭಿಪ್ರಾಯ. ಚೌತಿಯಲ್ಲಿ ಗಣಪತಿಯ ಮೇಲೆ ತೂಗುವ ಫಲಾವಳಿಗೆ ಕಟ್ಟುವ ಚಂದದ ಗೌರಿ ಹೂವಿನ ಗೆಡ್ಡೆ ನೋಡಲು ಗೆಣಸಿನಂತೆಯೇ ಇರುತ್ತದೆ, ತಿಂದವರ ಪ್ರಾಣ ತೆಗೆಯುತ್ತದೆ. ಕಿತ್ತಳೆಯಂತೆ ಹಣ್ಣಾಗುವ ಕಾಸರಕದ ಬೀಜವೂ ಹಾಗೆಯೇ. ಅರಿಶಿನ ಹಾಕಿ ಬೇಯಿಸಿದರೆ, ಬೆಳ್ಳಿಯ ನಾಣ್ಯ ಹಾಕಿದರೆ ಅಣಬೆಯ ವಿಷ ತಿಳಿಯುತ್ತದೆ ಎಂಬ ಮಾತನ್ನು ನಂಬಲೇಬಾರದು. ಜೋಯಿಡಾದ ಕುಣಬಿಗಳು ಗೆಡ್ಡೆಗಳನ್ನು ತಲೆಮಾರುಗಳಿಂದ ಬೆಳೆದು ಉಳಿಸಿಕೊಂಡವರು. ಅಲ್ಲಿ ನಡೆಯುವ ಗೆಡ್ಡೆ-ಗೆಣಸಿನ ಮೇಳಕ್ಕೆ ಹೋಗಿ ಅವರಿಂದಲೇ ಕೊಂಡು, ಬೇಯಿಸುವ ಕ್ರಮವನ್ನೂ ಕೇಳಿಕೊಂಡು ಬನ್ನಿ. ಏನನ್ನಾದರೂ ತಿಂದು ವಾಂತಿಯೋ ನಾಲಗೆ ದಪ್ಪವಾಗುವುದೋ ಕಂಡರೆ ಮನೆಮದ್ದಿಗೆ ಕಾಯದೆ, ಉಳಿದ ಸೊಪ್ಪು ಅಥವಾ ಕಾಯಿಯನ್ನೂ ಚೀಲದಲ್ಲಿ ಹಿಡಿದುಕೊಂಡು ವೈದ್ಯರ ಬಳಿ ಓಡಬೇಕು.

ಕೋಕಂ ಎಂದೂ ಕರೆಯುವ ಮುರುಗಲನ್ನು ಕೊನೆಗಿಟ್ಟುಕೊಂಡೆ, ಏಕೆಂದರೆ ಇದನ್ನು ಬೆಟ್ಟದಿಂದ ತರುವ ಬದಲು ಹಿತ್ತಿಲಿನಲ್ಲಿಯೇ ಬೆಳೆಸಿಕೊಳ್ಳಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಕೆಂಪಾಗಿ ಹಣ್ಣಾದುದನ್ನು ಒಡೆದು, ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿದರೆ ಸಾರಿಗಾಯಿತು. ಕಾರವಾರ-ಅಂಕೋಲೆಯ ಕಡೆ ಮೀನಿನ ಸಾರಿಗೂ ಇದೇ ಹುಳಿ. ಸಕ್ಕರೆಯ ಜೊತೆ ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟರೆ ಪಾನಕದ ರಸ ತಾನಾಗಿ ಇಳಿಯುತ್ತದೆ. ಹುಳಿ ತೀಕ್ಷ್ಣವಾದ್ದರಿಂದ ಅಲ್ಯುಮಿನಿಯಂ ಪಾತ್ರೆಗಾಗಲಿ ಕಲಾಯಿ ಇಲ್ಲದ ತಾಮ್ರ-ಹಿತ್ತಾಳೆಗಾಗಲಿ ಇದನ್ನು ಹಾಕಬಾರದು. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಸುಮಾರು ಅರ್ಧ ಗಂಡಾಗಿ ಹೋಗುತ್ತವೆ, ಅದು ತಿಳಿಯುವಷ್ಟರಲ್ಲಿ ಆರೇಳು ವರ್ಷ ಕಳೆದಿರುತ್ತದೆ. ಹಣ್ಣು ಬಿಡುವ ಮರದಿಂದ ಕಟ್ಟಿದ ಕಸಿ ಗಿಡವನ್ನು ಶಿರಸಿಯ ನರ್ಸರಿಗಳಲ್ಲಿ ಕೇಳಿ ತನ್ನಿ. ಮಧ್ಯಾಹ್ನದ ಬಿಸಿಲು ನೇರ ತಾಗದ, ನೀರು ನಿಲ್ಲದ ಜಾಗದಲ್ಲಿ ಆರಿದ್ರಾ ಮಳೆಗೆ ನೆಟ್ಟು, ಮೊದಲ ಎರಡು ಬೇಸಿಗೆ ಬುಡಕ್ಕೆ ಅಡಿಕೆ ಸಿಪ್ಪೆ ಮುಚ್ಚಿ ನೀರು ಕೊಡಿ.