ಮಗುವಿನ ಫೋಟೊ ಪುಸ್ತಕ ಮಗುವಿನ ಕೈಗೆ ಸಿಗಬೇಕು

ಮೊನ್ನೆ ನನ್ನ ತಂಗಿಯ ಸೊಸೆ ತನ್ನ 2 ವರ್ಷದ ಮಗನಿಗೆಂದು ಮಾಡಿದ ಫೋಟೊ ಪುಸ್ತಕ ತಂದು ತೋರಿಸಿದಳು. ಪುಟಕ್ಕೆ ಆರಾರು ಫೋಟೊ, ಸುತ್ತ ಮಿಂಚಿನ ಪುಡಿ, ಗುಂಡಿ, ಮಣಿ, ಎಲ್ಲಕ್ಕೂ ಸೆಲೋ ಟೇಪು. ಮಗು ಆಸೆಯಿಂದ ಕೈ ಚಾಚಿದರೆ "ಮುಟ್ಬೇಡ, ಹರಿದುಹೋಗುತ್ತೆ" ಅಂತ ಎತ್ತಿ ಕಪಾಟಿನ ಮೇಲಿಟ್ಟಳು. ನನಗೆ ತಡೆಯಲಾಗಲಿಲ್ಲ. ಮುಟ್ಟಲು ಬಿಡದ ಮೇಲೆ ಅದು ಯಾರ ಪುಸ್ತಕ? ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ, ಏಕೆಂದರೆ ಈಗ ಬಹಳ ಜನ ಹೀಗೇ ಮಾಡುತ್ತಾರೆ.

ಮೂಲ ಫೋಟೊ ಪೆಟ್ಟಿಗೆಯಲ್ಲೇ ಇರಲಿ, ಪುಸ್ತಕಕ್ಕೆ ಪ್ರತಿ ಹಾಕಿಸಿ. ಸ್ಟುಡಿಯೋದಲ್ಲಿ ಮ್ಯಾಟ್ ಕಾಗದ ಕೇಳಿ, ಹೊಳಪಿನದರಲ್ಲಿ ಬೆರಳ ಗುರುತು ಎದ್ದು ಕಾಣುತ್ತದೆ. ಮನೆಯ ಇಂಕ್‌ಜೆಟ್ ಪ್ರಿಂಟು ಎಷ್ಟೋ ಸಲ ಜೊಲ್ಲು ತಾಗಿದರೆ ಸಾಕು, ಬಣ್ಣ ಬಿಡುತ್ತದೆ. ಪುಟಕ್ಕೆ ಒಂದೇ ಫೋಟೊ, ಮುಖ ಮಗುವಿನ ಅಂಗೈಯಷ್ಟಾದರೂ ಇರಬೇಕು. ಹಾಳೆ ದಪ್ಪದ್ದು, ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿ. ಗುಂಡಿ, ಮಣಿ ಬೇಡವೇ ಬೇಡ. 3 ವರ್ಷದೊಳಗಿನ ಮಕ್ಕಳು ಕಿತ್ತಿದ್ದನ್ನು ನೇರ ಬಾಯಿಗೇ ಹಾಕುತ್ತವೆ.

ಇನ್ನು ಅಂಟಿನ ವಿಷಯ. ನನ್ನ ಮಗಳ ಎಳವೆಯ ಫೋಟೊಗಳನ್ನು ನಾನು ಅಂಟು ಹಾಳೆಯ ಆಲ್ಬಮ್ಮಿನಲ್ಲಿಟ್ಟಿದ್ದೆ, ಮೇಲೆ ಪ್ಲಾಸ್ಟಿಕ್ ಎಳೆಯುವ ಥರದ್ದು. ವರ್ಷಗಳಾದ ಮೇಲೆ ತೆಗೆಯಹೋದರೆ ಹಾಳೆ ಹಳದಿಯಾಗಿತ್ತು, ಅವಳು ಮೊದಲ ಸಲ ಎದ್ದು ನಿಂತ ಫೋಟೊ ಕೆನ್ನೆಯ ಹತ್ತಿರವೇ ಹರಿಯಿತು. ಅವತ್ತಿನಿಂದ ನಾನು ಫೋಟೊಗೆ ಅಂಟು ಮುಟ್ಟಿಸಿಲ್ಲ. ಕಾಗದದ ಮೂಲೆ ಮಾಡುತ್ತೇನೆ, ಫೋಟೊದ ತುದಿ ತೂರಿಸುವ ಪುಟ್ಟ ಜೇಬಿನಂಥದ್ದು.

ಗಟ್ಟಿ ಕಾಗದದಲ್ಲಿ ಹೆಬ್ಬೆರಳಗಲದ ಪಟ್ಟಿ ಕತ್ತರಿಸಿ, ಉದ್ದ ಅಗಲದ ಎರಡರಷ್ಟು. ಅಡ್ಡಲಾಗಿಟ್ಟು ಮೇಲಿನ ಎರಡು ತುದಿಗಳನ್ನೂ ಕೆಳಗಿನ ಅಂಚಿನ ನಡುಮಧ್ಯಕ್ಕೆ ತನ್ನಿ. ಮನೆಯ ಮಾಡಿನ ಹಾಗೆ ತ್ರಿಕೋನವಾಗುತ್ತದೆ. ಮಡಿಕೆಯ ಮೇಲೆ ಉಗುರಿನಿಂದ ಬಲವಾಗಿ ಎಳೆಯಿರಿ, ಸುಮ್ಮನೆ ಸವರಿದರೆ ಸಾಲದು. ಇಂಥ ನಾಲ್ಕನ್ನು ಫೋಟೊದ ನಾಲ್ಕು ಮೂಲೆಗೂ ಟೋಪಿಯಂತೆ ತೊಡಿಸಿ, ನುಣುಪು ಬದಿ ಮೇಲೆ, ಮಡಚಿದ ಬದಿ ಕೆಳಗೆ. ತೀರಾ ಬಿಗಿ ಬೇಡ, ಫೋಟೊ ಉಬ್ಬಿಕೊಳ್ಳುತ್ತದೆ, ಕೂದಲೆಳೆಯಷ್ಟು ಸಡಿಲವಿರಲಿ. ಪುಟದಲ್ಲಿ ಎಲ್ಲಿ ಕೂರಬೇಕೋ ಅಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಚುಕ್ಕೆ ಇಟ್ಟುಕೊಳ್ಳಿ. ಆಮೇಲೆ ಮಡಚಿದ ಎರಡು ರೆಕ್ಕೆಗಳಿಗೆ ಮಾತ್ರ ಒಂದೊಂದು ಸಾಸಿವೆ ಕಾಳಿನಷ್ಟು ಅಂಟು ಹಚ್ಚಿ ಪುಟಕ್ಕೆ ಒತ್ತಿ. ರೆಕ್ಕೆಗಳು ಕೂಡುವ ಗೀಟಿಗೆ ತಾಗಿದರೆ ಒಳಗೆ ಜಿನುಗಿ ಫೋಟೊ ಹಿಡಿದುಕೊಳ್ಳುತ್ತದೆ, ಅಲ್ಲಿಗೆ ಇಷ್ಟು ಹೊತ್ತು ಪಟ್ಟದ್ದೆಲ್ಲ ದಂಡ. ಅದಕ್ಕೇ ನಾನು ಅಂಟು ಒಣಗುವವರೆಗೆ ಫೋಟೊದ ಬದಲು ಅದೇ ಅಳತೆಯ ಬೆಣ್ಣೆ ಕಾಗದ ಕೂರಿಸಿ, ಭಾರದ ಪುಸ್ತಕದಡಿ ಒಂದು ರಾತ್ರಿ ಇಡುತ್ತೇನೆ. ಬೆಳಗ್ಗೆ ಕಾಗದ ಎಳೆದು ಫೋಟೊ ತೂರಿಸಿದರಾಯಿತು. ಮಗು ಎಳೆದರೂ ಫೋಟೊ ಜಾರಿ ಬರುತ್ತದೆ, ಹರಿಯುವುದು ಕಡಿಮೆ. ಮತ್ತೆ ತೂರಿಸಿ. ಹತ್ತು ಸಲ ಕಿತ್ತರೂ ಹತ್ತು ಸಲ ತೂರಿಸಿ, ಗದರಬೇಡಿ.

ಪುಸ್ತಕ ಹೊಲಿಯುವಾಗ ಹೊಲಿಗೆಯ ಕಡೆ ಹಾಳೆಗಳ ನಡುವೆ ರಟ್ಟಿನ ಪಟ್ಟಿ ಸೇರಿಸದಿದ್ದರೆ ಫೋಟೊಗಳ ದಪ್ಪಕ್ಕೆ ಅದು ಬಾಯಿ ತೆರೆದು ಕೂರುತ್ತದೆ, ಮರೆಯಬೇಡಿ. ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಮುಂದೆ ಗೆರೆ ಒತ್ತಿ ಬರುತ್ತದೆ. ಹೆಸರು, ತಾರೀಖು ಏನಿದ್ದರೂ ಪುಟದ ಮೇಲೇ ಬರೆಯಿರಿ, ಮಗು ಕರೆಯುವ ಹೆಸರನ್ನೇ ಬರೆಯಿರಿ.

ಕೊನೆಗೆ ನಾಲ್ಕು ಹಾಳೆ ಖಾಲಿ ಬಿಡಿ. ನನ್ನ ಮೊಮ್ಮಗ ಅಲ್ಲೊಂದು ಉದ್ದ ನೀಲಿ ಗೀಟು ಎಳೆದು, ಅದರ ತುದಿಗೆ ಎರಡು ಚುಕ್ಕೆ ಇಟ್ಟು "ಅಜ್ಜಿ" ಅಂದ. ಅದರ ಕೆಳಗೂ ತಾರೀಖು ಹಾಕಿಟ್ಟಿದ್ದೇನೆ.